‘ನಾಲ್ಕಕ್ಕಿಂತ ಏಳು ದೊಡ್ಡದು’ ಅಂದಾಗ ಮಗು 4 > 7 ಬರೆಯುವುದೇಕೆ

ಪಾಟಿಯ ಮೇಲೆ 4 > 7 ಅಂತ ಬರೆದ ಮಗುವನ್ನು ಹತ್ತಿರ ಕೂರಿಸಿಕೊಂಡು, ಚಿಹ್ನೆಯ ಮಾತು ಬಿಟ್ಟು, ಬಾಯಲ್ಲಿ ಕೇಳಿ ನೋಡಿ.

"ನಾಕು ದೊಡ್ಡದೋ, ಏಳು ದೊಡ್ಡದೋ? ಹೇಳವ್ವಾ."

"ಏಳು ರೀ ಟೀಚರ್."

"ಮತ್ತ ಪಾಟಿ ಮ್ಯಾಲ ಏನ್ ಬರದಿ?"

"ನಾಕಕ್ಕಿಂತ ಏಳು ದೊಡ್ಡದು ರೀ."

ಮಗುವಿಗೆ ಸಂಖ್ಯೆ ಗೊತ್ತಿದೆ. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ ಬರೆದಿದೆ: ಮೊದಲು ನಾಲ್ಕು, ಆಮೇಲೆ ಏಳು, ‘ದೊಡ್ಡದು’ ಅನ್ನುವುದಕ್ಕೆ ಹೇಳಿಕೊಟ್ಟ ಚಿಹ್ನೆ. ಇಂಥ ಉತ್ತರಕ್ಕೆ ಕೆಂಪು ಗೆರೆ ಎಳೆದು "ಇನ್ನೂ ದೊಡ್ಡದು ಸಣ್ಣದು ತಿಳಿಯಲ್ಲ ಇದಕ್ಕೆ" ಅಂದುಬಿಟ್ಟರೆ ಮಗುವಿಗೆ ಅನ್ಯಾಯವಾಗುತ್ತದೆ. ಸಂಖ್ಯೆಗಳನ್ನು ಹೋಲಿಸುವ ಪಾಠದಲ್ಲಿ ಮಕ್ಕಳು ಮಾಡುವ ತಪ್ಪುಗಳಲ್ಲಿ ಬಹಳಷ್ಟು ನಾವು ಆಡುವ ಮಾತಿನೊಳಗಿಂದಲೇ ಹುಟ್ಟುತ್ತವೆ. ಯಾವ ಮಾತು ಎಲ್ಲಿ ತೊಡಕುತ್ತದೆ ಅಂತ ಗೊತ್ತಿದ್ದರೆ ತಪ್ಪು ಬರುವ ಮೊದಲೇ ದಾರಿ ಸರಿ ಮಾಡಿಡಬಹುದು.

ಕನ್ನಡದಲ್ಲಿ ‘ಏಳು ನಾಲ್ಕಕ್ಕಿಂತ ದೊಡ್ಡದು’ ಅಂದರೂ ಸರಿ, ‘ನಾಲ್ಕಕ್ಕಿಂತ ಏಳು ದೊಡ್ಡದು’ ಅಂದರೂ ಸರಿ. ಅರ್ಥ ಹಿಡಿದಿಡುವುದು ‘ಕ್ಕಿಂತ’ ಅನ್ನುವ ಪ್ರತ್ಯಯ, ಪದಗಳು ನಿಂತ ಜಾಗವಲ್ಲ. ಗಣಿತದ ಚಿಹ್ನೆಯಲ್ಲಿ ಹಾಗಿಲ್ಲ. ಅಲ್ಲಿ ಎಡಗಡೆ ಯಾವುದು, ಬಲಗಡೆ ಯಾವುದು ಅನ್ನುವುದೇ ಎಲ್ಲ. ಮೇಲಾಗಿ ನಮ್ಮ ವಾಕ್ಯದಲ್ಲಿ ‘ದೊಡ್ಡದು’ ಬರುವುದು ಕೊನೆಗೆ, ಚಿಹ್ನೆ ಕೂರುವುದು ನಡುವೆ. ಹಾಗಾಗಿ 7 > 4 ಅನ್ನು ಎಡದಿಂದ ಬಲಕ್ಕೆ ಓದಿದ ಮಗು "ಏಳು ದೊಡ್ಡದು ನಾಕು" ಅನ್ನುತ್ತದೆ. ಅದು ಮಗುವಿಗೂ ಅರ್ಥವಾಗುವುದಿಲ್ಲ, ಕೇಳಿದವರಿಗೂ ಅರ್ಥವಾಗುವುದಿಲ್ಲ.

ಇದಕ್ಕೆ ಬೆರಳಿನ ದಾರಿ ಕಲಿಸಬೇಕು. ಬೆರಳು ಎಡಗಡೆಯ ಅಂಕಿಯ ಮೇಲೆ: "ಏಳು". ಚಿಹ್ನೆಯನ್ನು ದಾಟಿ ಬಲಗಡೆಯ ಅಂಕಿಯ ಮೇಲೆ: "ನಾಲ್ಕಕ್ಕಿಂತ". ಹಿಂದಕ್ಕೆ ಬಂದು ಚಿಹ್ನೆಯ ಮೇಲೆ: "ದೊಡ್ಡದು". ಎಡ, ಬಲ, ನಡು. ಮೊದಲ ಎರಡು ವಾರ ಟೀಚರ್ ಬಾಯಲ್ಲೂ ಇದೊಂದೇ ಧಾಟಿ ಇರಲಿ: ಯಾವುದರ ಬಗ್ಗೆ ಹೇಳುತ್ತೇವೋ ಅದು ಮೊದಲು. ‘ನಾಲ್ಕಕ್ಕಿಂತ ಏಳು’ ಅನ್ನುವ ಧಾಟಿಯನ್ನು ಮೂರನೇ ವಾರ ಬೇಕೆಂದೇ ತಂದು, ಈ ಮಾತನ್ನು ಬರೆಯುವಾಗ ಯಾವ ಅಂಕಿ ಎಡಗಡೆ ಬರಬೇಕು ಅಂತ ಮಕ್ಕಳ ಜೊತೆ ಕೂತು ಬಿಡಿಸಬೇಕು. ಎರಡನ್ನೂ ಮೊದಲ ದಿನವೇ ಬೆರೆಸಿ ಆಡಿದರೆ ಮಕ್ಕಳು ಊಹೆಯ ಮೇಲೆ ಚಿಹ್ನೆ ಹಾಕಲು ಕಲಿಯುತ್ತಾರೆ. ಎರಡೇ ಚಿಹ್ನೆ ಇರುವುದರಿಂದ ಊಹೆಯೂ ಅರ್ಧಕ್ಕರ್ಧ ಸರಿ ಬೀಳುತ್ತದೆ, ತಪ್ಪು ಬೆಳಕಿಗೆ ಬರುವುದೇ ಇಲ್ಲ.

ಆದರೆ ಚಿಹ್ನೆ ಬರಬೇಕಾದದ್ದು ಬಹಳ ತಡವಾಗಿ. ಅದಕ್ಕೆ ಮುಂಚೆ ಆಗಬೇಕಾದ ಕೆಲಸ ಕೈಯದು.

ಮೊದಲ ಕೆಲಸ ಜೋಡಿ ಹಾಕುವುದು. ಇದಕ್ಕೆ ಎಣಿಕೆಯೇ ಬೇಡ. ನಮ್ಮ ಕಡೆ ಹುಣಸೆ ಬೀಜಕ್ಕೆ ಬರವಿಲ್ಲ. ಇಬ್ಬರು ಮಕ್ಕಳಿಗೆ 30 ಬೀಜ, 20 ಮಕ್ಕಳ ತರಗತಿಗೆ 300 ಬೀಜ ಸಾಕು. ಶೇಂಗಾ ಕಾಳು ಬೇಡ, ಪಾಠ ಮುಗಿಯುವುದರೊಳಗೆ ಲೆಕ್ಕ ಹೊಟ್ಟೆಗೆ ಹೋಗಿರುತ್ತದೆ. ಅಂಗನವಾಡಿಯ ಪುಟ್ಟ ಮಕ್ಕಳಿಗೆ ಬೀಜವೂ ಬೇಡ. ಮೂಗು, ಕಿವಿಗೆ ತುರುಕಿಕೊಳ್ಳುತ್ತವೆ. ಅವರಿಗೆ ಬಾಟಲಿ ಮುಚ್ಚಳ ಕೊಡಿ. ಒಂದು ಸಾಲಿನಲ್ಲಿ 5 ಮುಚ್ಚಳ, ಅದರ ಕೆಳಗಿನ ಸಾಲಿನಲ್ಲಿ 7. ಮೇಲಿನ ಒಂದಕ್ಕೆ ಕೆಳಗಿನ ಒಂದನ್ನು ಮುಟ್ಟಿಸುತ್ತಾ ಹೋದರೆ ಕೆಳಗೆ 2 ಒಂಟಿಯಾಗಿ ಉಳಿಯುತ್ತವೆ. "ಯಾವ ಸಾಲಿನ್ಯಾಗ ಜಾಸ್ತಿ ಅದಾವು?" ಅನ್ನುವ ಪ್ರಶ್ನೆಗೆ ಮಗು ಉಳಿದ ಒಂಟಿಯನ್ನು ತೋರಿಸಿದರೆ ಅದು ಸಂಪೂರ್ಣ ಉತ್ತರ.

ಆಮೇಲೆ 5 ಮುಚ್ಚಳದ ಸಾಲನ್ನು ಅಗಲ ಹರಡಿ, 7ರ ಸಾಲನ್ನು ಒತ್ತಾಗಿ ಕೂಡಿಸಿ ಮತ್ತೆ ಅದೇ ಪ್ರಶ್ನೆ ಕೇಳಿ. ಐದು ವರ್ಷದ ಬಹಳ ಮಕ್ಕಳು ಉದ್ದವಾಗಿ ಕಾಣುವ ಸಾಲನ್ನೇ ತೋರಿಸುತ್ತಾರೆ. ಕಣ್ಣಿಗೆ ಕಾಣುವ ಉದ್ದವೇ ಅವರಿಗೆ ‘ಹೆಚ್ಚು’. "ತಪ್ಪು" ಅನ್ನುವ ಬದಲು ಮತ್ತೆ ಜೋಡಿ ಹಾಕಿಸಿ. ಹರಡಿದಾಗ ಒಂದು ಉತ್ತರ, ಜೋಡಿ ಹಾಕಿದಾಗ ಇನ್ನೊಂದು ಉತ್ತರ ಬಂದಾಗ ಮಗು ತಾನೇ ಒಂದು ಕ್ಷಣ ಸುಮ್ಮನೆ ನಿಲ್ಲುತ್ತದೆ. ಆ ನಿಂತ ಕ್ಷಣದಲ್ಲಿ ನಾವು ಬಾಯಿ ಹಾಕಬಾರದು.

ಇಲ್ಲೇ ‘ದೊಡ್ಡದು’ ಅನ್ನುವ ಪದದ ಇನ್ನೊಂದು ತೊಂದರೆ ಇದೆ. ಮೂರು ಬದನೆಕಾಯಿ, ಐದು ಹುಣಸೆ ಬೀಜ ಇಟ್ಟು "ಯಾವ್ದು ದೊಡ್ಡದು?" ಅಂದರೆ ಮಗು ಬದನೆಕಾಯಿಯನ್ನೇ ತೋರಿಸುತ್ತದೆ, ಅದು ಸರಿ ಕೂಡ. ಹಲಗೆಯ ಮೇಲೆ 3 ಅನ್ನು ಗೇಣುದ್ದ ಬರೆದು ಪಕ್ಕದಲ್ಲಿ 8 ಅನ್ನು ಬೆರಳುದ್ದ ಬರೆದರೂ ಅದೇ ಕಥೆ. ಮನೆಯ ಮಾತಿನಲ್ಲಿ ‘ದೊಡ್ಡದು’ ಅಂದರೆ ಗಾತ್ರ. ಆದ್ದರಿಂದ ಮೊದಲು ‘ಜಾಸ್ತಿ–ಕಮ್ಮಿ’, ‘ಹೆಚ್ಚು–ಕಡಿಮೆ’ ಬಳಸಿ, ಅದು ಕೂತ ಮೇಲೆ "ಜಾಸ್ತಿ ಇರೋದನ್ನ ಹೇಳೋ ಅಂಕಿಗೆ ದೊಡ್ಡ ಸಂಖ್ಯೆ ಅಂತೀವಿ" ಅಂತ ಸೇತುವೆ ಕಟ್ಟಬೇಕು. ಹೋಲಿಸುವ ವಸ್ತುಗಳನ್ನೂ ಬೆರೆಸಿ: ಸಣ್ಣವು ಹೆಚ್ಚು, ದೊಡ್ಡವು ಕಡಿಮೆ ಇರುವಂಥ ಗುಂಪುಗಳು ವಾರಕ್ಕೆ ಎರಡು ಸಲವಾದರೂ ಬರಲಿ.

‘ಕಡಿಮೆ’ ಅನ್ನುವುದು ‘ಹೆಚ್ಚು’ಗಿಂತ ತಡವಾಗಿ ಕೂರುವ ಪದ. "ಯಾವುದರಲ್ಲಿ ಕಡಿಮೆ ಇದೆ?" ಅಂದರೂ ಹೆಚ್ಚು ಇರುವುದನ್ನೇ ತೋರಿಸುವ ಮಕ್ಕಳಿದ್ದಾರೆ. ಟೀಚರ್ ಯಾವಾಗಲೂ ದೊಡ್ಡದನ್ನೇ ಕೇಳುವುದು ಇದಕ್ಕೆ ಒಂದು ಕಾರಣ. ಎರಡನ್ನೂ ಸರಿಸಮ ಕೇಳಿ. ‘ಸಮ’ ಇರುವ ಗುಂಪುಗಳನ್ನೂ ನಡುನಡುವೆ ಇಡಿ. ಸಮ ಇರುವ ಲೆಕ್ಕವನ್ನೇ ಕೊಡದ ತರಗತಿಯಲ್ಲಿ ಮಕ್ಕಳು, ಇಬ್ಬರಲ್ಲಿ ಒಬ್ಬರು ಗೆಲ್ಲಲೇಬೇಕು ಅಂದುಕೊಂಡಿರುತ್ತಾರೆ.

‘ಎಷ್ಟು ಹೆಚ್ಚು?’ ಅನ್ನುವುದು ‘ಯಾವುದು ಹೆಚ್ಚು?’ಗಿಂತ ಕಷ್ಟದ ಪ್ರಶ್ನೆ. ಶಾಲೆಯ ಗೋಡೆಯ ಹಾಜರಿ ಹಲಗೆ ಇದಕ್ಕೆ ದಿನವೂ ಸಿಗುವ ಲೆಕ್ಕ. ಹುಡುಗರು 19, ಹುಡುಗಿಯರು 23. "ಹುಡುಗ್ಯಾರು ಎಷ್ಟು ಜಾಸ್ತಿ?" ಅಂದರೆ "23" ಅನ್ನುವ ಉತ್ತರ ಬರುತ್ತದೆ. ಮಕ್ಕಳನ್ನೇ ಎರಡು ಸಾಲಾಗಿ ನಿಲ್ಲಿಸಿ ಎದುರುಬದುರು ಕೈ ಹಿಡಿಸಿ. ಕೈ ಸಿಗದೆ ಉಳಿದ ನಾಲ್ವರೇ ಉತ್ತರ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಅನ್ನಿಸುವ ಮಾತಿಗೆ ಬರುತ್ತೇನೆ: ‘ಹಿಂದಿನ ಸಂಖ್ಯೆ, ಮುಂದಿನ ಸಂಖ್ಯೆ’. ಬಿಸಿಯೂಟದ ಸಾಲಿನಲ್ಲಿ ಐದನೆಯವಳಾಗಿ ನಿಂತ ಹುಡುಗಿಯನ್ನು ಕೇಳಿ, "ನಿನ್ನ ಮುಂದ ಯಾರದಾರ?" ಅವಳು ನಾಲ್ಕನೆಯವಳನ್ನು ತೋರಿಸುತ್ತಾಳೆ. "ಹಿಂದ ಯಾರು?" ಆರನೆಯವಳು. ಅರ್ಧ ಗಂಟೆಯ ನಂತರ ತರಗತಿಯಲ್ಲಿ "5ರ ಮುಂದಿನ ಸಂಖ್ಯೆ?" ಅಂತ ಕೇಳಿ, ಅವಳು 4 ಅಂದರೆ ತಪ್ಪು ಅನ್ನುತ್ತೇವೆ. ಸಾಲಿನಲ್ಲಿ ಎಲ್ಲರ ಮುಖ ಇರುವುದು 1ರ ಕಡೆಗೆ. ಎಣಿಸುತ್ತಾ ಹೋಗುವವನ ಮುಖ ಇರುವುದು ದೊಡ್ಡ ಸಂಖ್ಯೆಯ ಕಡೆಗೆ. ಮುಖ ತಿರುಗಿದರೆ ‘ಮುಂದೆ’ ಅನ್ನುವುದೂ ತಿರುಗುತ್ತದೆ. ಇದನ್ನು ಬಾಯಲ್ಲಿ ವಿವರಿಸಿ ಪ್ರಯೋಜನವಿಲ್ಲ, ನಡೆಸಿಯೇ ತೋರಿಸಬೇಕು.

ಅಂಗಳದಲ್ಲಿ ಸೀಮೆಸುಣ್ಣದಿಂದ 1ರಿಂದ 20ರವರೆಗೆ ಮನೆ ಬರೆಯಿರಿ, ಒಂದೊಂದು ಮನೆ ಮಗುವಿನ ಒಂದು ಹೆಜ್ಜೆಯಷ್ಟು. ಮಗು 1ರಿಂದ ನಡೆಯುತ್ತಾ 5ರಲ್ಲಿ ನಿಲ್ಲಲಿ. ಕಣ್ಣೆದುರು ಇರುವ ಮನೆ 6, ಅದು ಮುಂದಿನ ಸಂಖ್ಯೆ. ದಾಟಿ ಬಂದ ಮನೆ 4, ಬೆನ್ನ ಹಿಂದಿನದು. ಇದು ಗಟ್ಟಿಯಾಗುವವರೆಗೆ "ಐದಾದ ಮ್ಯಾಲ ಏನು?", "ಐದಕ್ಕಿಂತ ಮೊದಲು ಯಾವ್ದು ಬಂತು?" ಅಂತಲೇ ಕೇಳುವುದು ಸುರಕ್ಷಿತ. ಪುಸ್ತಕದಲ್ಲಿ ಇರುವುದು ‘ಮುಂದಿನ’ ಅಂತಲೇ ಆದ್ದರಿಂದ ಆ ಪದ ಬಿಡುವ ಹಾಗಿಲ್ಲ. ಆದರೆ ಮನೆಗಳ ಮೇಲೆ ನಡೆದ ನಂತರ ಅದನ್ನು ತನ್ನಿ. 1ರಿಂದ ಶುರು ಮಾಡದೆ 20ರಿಂದ ಇಳಿಯುತ್ತಾ ನಡೆಯುವ ಆಟವನ್ನು ಇದೇ ವಾರ ಆಡಿಸಬೇಡಿ. ಮುಖ ಮತ್ತೆ ತಿರುಗುತ್ತದೆ, ಕಲಿತದ್ದು ಕಲಕಿಹೋಗುತ್ತದೆ.

‘ಏರಿಕೆ ಕ್ರಮ, ಇಳಿಕೆ ಕ್ರಮ’ ಕೂಡ ಇದೇ ಜಾತಿಯದು. ಪುಸ್ತಕದ 100ರ ಕೋಷ್ಟಕದಲ್ಲಿ 1 ಇರುವುದು ಮೇಲೆ, 100 ಇರುವುದು ಕೆಳಗೆ. ಸಂಖ್ಯೆ ‘ಏರುತ್ತಾ’ ಹೋದಂತೆ ಕಣ್ಣು ಇಳಿಯುತ್ತದೆ. ಆನೆಗೊಂದಿ ಹತ್ತಿರದ ಅಂಜನಾದ್ರಿ ಬೆಟ್ಟ ಹತ್ತಿದ ಮಕ್ಕಳು ಕೊಪ್ಪಳ, ಗಂಗಾವತಿ ಕಡೆ ಬೇಕಾದಷ್ಟು ಸಿಗುತ್ತಾರೆ. ಅಲ್ಲಿ 575 ಮೆಟ್ಟಿಲು. ಮೊದಲ ಮೆಟ್ಟಿಲು ಬುಡದಲ್ಲಿ, 575ನೆಯದು ಹನುಮಪ್ಪನ ಗುಡಿಯ ಹತ್ತಿರ. ಹತ್ತುವಾಗ ಎಣಿಸಿದ್ದೇ ಏರಿಕೆ ಕ್ರಮ. ಶಾಲೆಯ ಗೋಡೆಯ ಮೇಲೆ ಬಾಗಿಲ ಪಕ್ಕ ನೆಲದಿಂದ ಶುರು ಮಾಡಿ ಮೇಲಕ್ಕೆ 1ರಿಂದ 20ರವರೆಗೆ ಮೆಟ್ಟಿಲ ಚಿತ್ರ ಬರೆದರೆ ಅಷ್ಟೇ ಸಾಕು. ಉತ್ತರ ಬರೆಯುವಾಗ ಮಾತ್ರ ಮಕ್ಕಳು ಅಡ್ಡ ಸಾಲಿನಲ್ಲಿ ಎಡದಿಂದ ಬಲಕ್ಕೆ ಬರೆಯಲಿ, ಮೇಲಿಂದ ಕೆಳಗೆ ಬರೆಸಬೇಡಿ.

ಹಗ್ಗದ ಮೇಲಿನ ಸಂಖ್ಯಾರೇಖೆಗೆ ಖರ್ಚು ಕಡಿಮೆ, ಉಪಯೋಗ ಜಾಸ್ತಿ. 0ಯಿಂದ 20ರವರೆಗೆ 21 ಚೀಟಿ. ಒಂದು ಗೇಣಿಗೊಂದು ಅಂದರೆ ಸುಮಾರು 20 ಸೆಂ.ಮೀ. ಅಂತರ ಹಿಡಿದರೆ ನಡುವಿನ ಅಂತರಗಳು 20, ಒಟ್ಟು 4 ಮೀಟರ್. ಎರಡು ಕಡೆ ಗಂಟು ಹಾಕಲು ಸೇರಿಸಿ 5 ಮೀಟರ್ ಸೆಣಬಿನ ಹುರಿ ಬೇಕು. ಮಕ್ಕಳ ಎದೆಯೆತ್ತರಕ್ಕೆ ಎರಡು ಕಿಟಕಿಗಳ ನಡುವೆ ಬಿಗಿಯಿರಿ. ಚೀಟಿಗೆ ಹಳೆಯ ಲಗ್ನಪತ್ರಿಕೆ ಉತ್ತಮ: ದಪ್ಪ ಕಾಗದ, ಹಿಂಬದಿ ಖಾಲಿ, ದುಡ್ಡಿಲ್ಲ. ಸಿಕ್ಕಿಸಲು ಬಟ್ಟೆಯ ಕ್ಲಿಪ್ಪು.

ಮೊದಲು 0 ಮತ್ತು 20 ಮಾತ್ರ ಸಿಕ್ಕಿಸಿ, ಒಂದು ಮಗುವಿನ ಕೈಗೆ 10 ಕೊಟ್ಟು "ಇದು ಎಲ್ಲಿರಬೇಕು?" ಅನ್ನಿ. ಸಣ್ಣ ಮಕ್ಕಳು 10 ಅನ್ನು 20ರ ಮಗ್ಗುಲಿಗೇ ಒಯ್ದು ಸಿಕ್ಕಿಸುತ್ತಾರೆ, ಯಾಕೆಂದರೆ ಅವರಿಗೆ ಸಣ್ಣ ಸಂಖ್ಯೆಗಳು ದೂರದೂರ, ದೊಡ್ಡವೆಲ್ಲ ಒಂದೇ ಗುಂಪು. ಹುರಿ ಬಿಚ್ಚಿ 0 ಮತ್ತು 20 ಒಂದಕ್ಕೊಂದು ತಾಗುವಂತೆ ಮಡಚಿ ತೋರಿಸಿ: ಮಡಿಕೆ ಬಿದ್ದ ಜಾಗ 10. ಅದನ್ನೇ ಇನ್ನೊಮ್ಮೆ ಮಡಚಿದರೆ 5 ಮತ್ತು 15. ಮಡಿಕೆ ಕಣ್ಣಾರೆ ಕಂಡ ಮಗು ಆಮೇಲೆ 12 ಅನ್ನು 10ರ ಬಲಕ್ಕೆ, ಹತ್ತಿರದಲ್ಲೇ ಇಡುತ್ತದೆ. ಹುರಿಯಲ್ಲಿ ಬಲಕ್ಕೆ ಇರುವುದು ದೊಡ್ಡದು ಅನ್ನುವುದು ನಂತರ ನಿಯಮವಾಗಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ಚೀಟಿಗಳ ಬಗ್ಗೆ ಒಂದು ಸಣ್ಣ ಮಾತು. 6 ತಲೆಕೆಳಗಾದರೆ 9. 61 ತಿರುಗಿದರೆ 19, 86 ತಿರುಗಿದರೆ 98. ಪ್ರತಿ ಚೀಟಿಯ ಮೇಲಿನ ಬಲ ಮೂಲೆಯನ್ನು ಓರೆಯಾಗಿ ಕತ್ತರಿಸಿಬಿಡಿ, ಯಾವುದು ಮೇಲೆ ಅಂತ ಕೈಗೇ ಗೊತ್ತಾಗುತ್ತದೆ. ಕನ್ನಡ ಅಂಕಿಯ ಕ್ಯಾಲೆಂಡರ್ ಬಳಸುವವರು ೬ ಮತ್ತು ೯ನ್ನು ಒಂದೇ ದಿನ ಹೇಳಿಕೊಡಬೇಡಿ. ಅಲ್ಲಿ ಅಂಕಿ ಗುರುತಿಸುವ ತಪ್ಪಾಗಿರುತ್ತದೆ, ನಾವು ಅದನ್ನು ಹೋಲಿಕೆಯ ತಪ್ಪು ಅಂತ ಎಣಿಸುತ್ತೇವೆ.

ಎರಡಂಕಿಗೆ ಬಂದಾಗ ಮಕ್ಕಳು ಜಾರುವ ಜಾಗ 39 ಮತ್ತು 41. "39 ದೊಡ್ಡದು, ಅದರಾಗ 9 ಐತಿ" ಅನ್ನುತ್ತಾರೆ. ಅವರಿಗೆ ಕಾಣುತ್ತಿರುವುದು 3, 9, 4, 1 ಅನ್ನುವ ನಾಲ್ಕು ಅಂಕಿ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು 9. ‘ಹತ್ತರ ಸ್ಥಾನ ನೋಡು’ ಅನ್ನುವ ಮಂತ್ರ ಹೇಳಿಕೊಟ್ಟರೆ ಅವತ್ತಿನ ಲೆಕ್ಕ ಸರಿಹೋಗುತ್ತದೆ, ಆದರೆ ಕಾರಣ ಗೊತ್ತಾಗುವುದಿಲ್ಲ. ಕಟ್ಟು ಬೇಕು.

ಐವರ ಗುಂಪಿಗೆ 100 ಕಡ್ಡಿ ಕೊಡಿ. ತೆಂಗಿನ ಕಡ್ಡಿಯ ಕಸಬರಿಗೆ ತಂದು ಗೇಣುದ್ದ ಮುರಿದರೆ ಒಳ್ಳೆಯದು. ಜೋಳದ ದಂಟು ಪುಕ್ಕಟೆ ಸಿಗುತ್ತದೆ ನಿಜ, ಆದರೆ ಸಿಪ್ಪೆಯ ಅಂಚು ಬೆರಳು ಕೊಯ್ಯುತ್ತದೆ, ಮಳೆಗಾಲಕ್ಕೆ ಹುಳ ಬೀಳುತ್ತದೆ. ಹತ್ತು ಕಡ್ಡಿಗೊಂದು ರಬ್ಬರ್ ಬ್ಯಾಂಡ್. ಕಟ್ಟನ್ನು ಮಕ್ಕಳೇ ಎಣಿಸಿ ಕಟ್ಟಬೇಕು, ಟೀಚರ್ ಮೊದಲೇ ಕಟ್ಟಿ ತಂದು ಕೊಡಬಾರದು. ಮೊದಲ ನಾಲ್ಕೈದು ದಿನ ಪಾಠ ಮುಗಿದ ಮೇಲೆ ಎಲ್ಲ ಕಟ್ಟು ಬಿಚ್ಚಿ, ಮರುದಿನ ಮತ್ತೆ ಕಟ್ಟಿಸಿ. ಬಿಚ್ಚಿ ಕಟ್ಟದ ಮಗುವಿಗೆ ಕಟ್ಟು ಅಂದರೆ ಒಂದು ದಪ್ಪ ಕಡ್ಡಿ ಅಷ್ಟೇ. ಅದರೊಳಗೆ ಹತ್ತು ಇವೆ ಅನ್ನುವುದು ಮರೆತುಹೋಗುತ್ತದೆ. ವಾರಕ್ಕೊಮ್ಮೆ ಕಟ್ಟು ಪರೀಕ್ಷಿಸಿ. ಒಂದು ಕಡ್ಡಿ ಮುರಿದು ಒಂಬತ್ತೇ ಉಳಿದ ಕಟ್ಟು ಇದ್ದರೆ ಮಗುವಿನ ಉತ್ತರ ತಪ್ಪಾಗುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ.

ಒಂದು ಕಡೆ 39: ಮೂರು ಕಟ್ಟು, ಒಂಬತ್ತು ಬಿಡಿ. ಇನ್ನೊಂದು ಕಡೆ 41: ನಾಲ್ಕು ಕಟ್ಟು, ಒಂದು ಬಿಡಿ. ಎರಡೂ ಸೇರಿ 80, ಹಾಗಾಗಿ 100 ಕಡ್ಡಿಯಲ್ಲೇ ಆಗುತ್ತದೆ. ಕಟ್ಟಿಗೆ ಕಟ್ಟು ಜೋಡಿ ಹಾಕಿಸಿ, ಮುಚ್ಚಳದಲ್ಲಿ ಕಲಿತ ಅದೇ ಜೋಡಿ. ಮೂರು ಕಟ್ಟಿಗೆ ಮೂರು ಹೋಯಿತು. 41ರ ಕಡೆ ಒಂದು ಕಟ್ಟು ಮತ್ತು ಒಂದು ಕಡ್ಡಿ, 39ರ ಕಡೆ ಒಂಬತ್ತು ಕಡ್ಡಿ. ಈಗ ಆ ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿ ಹರಡಿ. ಹನ್ನೊಂದು ಕಡ್ಡಿಯ ಎದುರು ಒಂಬತ್ತು ಕಡ್ಡಿ. ಬಿಡಿ ಎಷ್ಟೇ ಇದ್ದರೂ ಒಂಬತ್ತನ್ನು ದಾಟುವುದಿಲ್ಲ, ಹತ್ತಾದ ಕೂಡಲೇ ಕಟ್ಟಾಗುತ್ತದೆ. ಅದಕ್ಕೇ ಒಂದು ಕಟ್ಟು ಹೆಚ್ಚಿದ್ದವನೇ ಗೆಲ್ಲುವುದು. ಈ ಕಾರಣ ಮಗುವಿನ ಬಾಯಿಂದಲೇ ಬರಬೇಕು. ಒಂದು ದಿನ ತಡವಾದರೂ ಚಿಂತೆಯಿಲ್ಲ.

ಸಂಖ್ಯೆಯ ಹೆಸರುಗಳಲ್ಲಿ ಕನ್ನಡ ಮಕ್ಕಳಿಗೆ ಒಂದು ಅನುಕೂಲವಿದೆ: ‘ಮೂವತ್ತೈದು’ ಅಂದಾಗ ಹತ್ತು ಮೊದಲು ಕೇಳುತ್ತದೆ, ಬಿಡಿ ಆಮೇಲೆ. ಬರೆಯುವುದೂ ಹಾಗೆಯೇ. ಬಳ್ಳಾರಿ, ರಾಯಚೂರು ಕಡೆ ತೆಲುಗು ಮಾತಾಡುವ ಮಕ್ಕಳಿಗೂ ‘ಮುಪ್ಪೈ ಐದು’ ಅದೇ ಕ್ರಮ. ಮನೆಯಲ್ಲಿ ಉರ್ದು ಆಡುವ ಮಕ್ಕಳಿಗೆ ಮಾತ್ರ ಅದು ತಿರುವುಮುರುವು. ‘ಪೈಂತೀಸ್’ನಲ್ಲಿ ಐದರ ಸದ್ದು ಮೊದಲು, ‘ತೀಸ್’ ಅಂದರೆ ಮೂವತ್ತು ಆಮೇಲೆ. ಅಂಥ ಮಗು 35 ಅನ್ನು 53 ಅಂತ ಬರೆದು, 53 ಮತ್ತು 41ರಲ್ಲಿ 53 ದೊಡ್ಡದು ಅಂತ ಸರಿಯಾಗಿ ಹೋಲಿಸಿಯೂ ತಪ್ಪು ಉತ್ತರ ಕೊಡುತ್ತದೆ. ಈ ಮಗುವಿಗೆ ಹೇಳಿ ಬರೆಸುವ ಬದಲು ಕಟ್ಟು ತೋರಿಸಿ ಬರೆಸಿ: ಎಡಗೈ ಕಡೆ ಕಟ್ಟು, ಬಲಗೈ ಕಡೆ ಬಿಡಿ.

ಕನ್ನಡದಲ್ಲೂ ಮುಚ್ಚಿಹೋದ ಹೆಸರುಗಳಿವೆ. ಅರವತ್ತಿನಲ್ಲಿ ಆರು ಕೇಳುತ್ತದೆ. ಎಪ್ಪತ್ತು, ಎಂಬತ್ತು, ತೊಂಬತ್ತರಲ್ಲಿ ಏಳು, ಎಂಟು, ಒಂಬತ್ತು ಅಷ್ಟು ಸ್ಪಷ್ಟವಾಗಿ ಕೇಳುವುದಿಲ್ಲ. ಎಪ್ಪತ್ತೊಂಬತ್ತಾದ ಮೇಲೆ ತೊಂಬತ್ತಕ್ಕೆ ಹಾರುವ ಮಕ್ಕಳು ಇದರಿಂದಲೇ. ಹತ್ತರ ಹೆಸರುಗಳನ್ನು ಮಾತ್ರ ಪ್ರತ್ಯೇಕವಾಗಿ ಏಳು ಕಟ್ಟು, ಎಂಟು ಕಟ್ಟು, ಒಂಬತ್ತು ಕಟ್ಟು ಹಿಡಿದು ಏರುತ್ತಾ ಇಳಿಯುತ್ತಾ ಹೇಳಿಸಿದರೆ ಒಂದು ವಾರದಲ್ಲಿ ಸರಿಹೋಗುತ್ತದೆ.

ಕಟ್ಟು ಚೆನ್ನಾಗಿ ಕೂತ ಮೇಲೆ ಒಂದು ಆಟ. 0ಯಿಂದ 9ರವರೆಗೆ ನಾಲ್ಕು ಜೊತೆ, ಒಟ್ಟು 40 ಚೀಟಿ, ಬೋರಲು ಹಾಕಿ. ಇಬ್ಬರ ಪಾಟಿಯ ಮೇಲೂ ಎರಡೆರಡು ಚೌಕ, ಎಡಕ್ಕೆ ‘ಹತ್ತು’, ಬಲಕ್ಕೆ ‘ಬಿಡಿ’. ಒಂದು ಚೀಟಿ ಎತ್ತಿದ ಕೂಡಲೇ ಯಾವ ಚೌಕಕ್ಕೆ ಅಂತ ನಿರ್ಧರಿಸಬೇಕು, ಇಟ್ಟ ಮೇಲೆ ಬದಲಿಸುವಂತಿಲ್ಲ. ಎರಡನೇ ಚೀಟಿ ಉಳಿದ ಚೌಕಕ್ಕೆ. ದೊಡ್ಡ ಸಂಖ್ಯೆ ಆದವರು ಗೆದ್ದರು. 9 ಬಂದರೆ ಎಲ್ಲರೂ ಹತ್ತರ ಮನೆಗೇ ಇಡುತ್ತಾರೆ. 5 ಬಂದಾಗ ಮಗುವಿನ ಮುಖ ನೋಡಬೇಕು. ಅದು ಇಟ್ಟ ಜಾಗಕ್ಕೆ ಕಾರಣ ಕೇಳಿ. ಮರುದಿನ ‘ಸಣ್ಣದು ಗೆಲ್ಲುತ್ತದೆ’ ಅಂತ ನಿಯಮ ತಿರುಗಿಸಿ. 0 ಹತ್ತರ ಮನೆಗೆ ಬಿದ್ದು 07 ಆದರೆ ಬೇಡ ಅನ್ನಬೇಡಿ. ಅದು ಬರೀ ಏಳು ಅಂತ ಕಂಡುಕೊಳ್ಳಲಿ.

ಚಿಹ್ನೆಗೆ ಈಗ ಸಮಯ. ಮೊಸಳೆ ಬಾಯಿ ತೆರೆದು ದೊಡ್ಡದನ್ನು ತಿನ್ನುತ್ತದೆ ಅನ್ನುವ ಉಪಾಯ ಎಲ್ಲ ಕಡೆ ಇದೆ. ಮಕ್ಕಳು ಅದನ್ನು ಇಷ್ಟಪಡುತ್ತಾರೆ, ಹಲ್ಲು ಕೂಡ ಬರೆಯುತ್ತಾರೆ. ಆದರೆ ಮೊಸಳೆ ನೆನಪಿರುವ ಮಗು ಚಿಹ್ನೆ ಹಾಕಬಲ್ಲದೇ ಹೊರತು ಓದಲಾರದು. ನನಗೆ ಕಡ್ಡಿಯ ದಾರಿ ಮೇಲು ಅನ್ನಿಸುತ್ತದೆ. ನೆಲದ ಮೇಲೆ ಎಡಕ್ಕೆ 5 ಮುಚ್ಚಳ ಒಂದರ ಕೆಳಗೊಂದು, ಬಲಕ್ಕೆ 5 ಮುಚ್ಚಳ ಹಾಗೆಯೇ. ಎರಡು ಸಾಲಿನ ಮೇಲ್ತುದಿಗೆ ಅಡ್ಡವಾಗಿ ಒಂದು ಕಡ್ಡಿ, ಕೆಳತುದಿಗೆ ಒಂದು ಕಡ್ಡಿ. ಎರಡೂ ಕಡ್ಡಿ ಸಮಾನಾಂತರ, ಅದೇ =. ಈಗ ಬಲಗಡೆಯ ಸಾಲಿನಿಂದ ಮೇಲಿನದೊಂದು ಕೆಳಗಿನದೊಂದು ತೆಗೆಯಿರಿ. 5 ಮತ್ತು 3. ಕಡ್ಡಿಗಳು ಬಲಕ್ಕೆ ಹತ್ತಿರವಾದವು. ಇನ್ನೆರಡು ತೆಗೆದರೆ 5 ಮತ್ತು 1. ಕಡ್ಡಿಗಳು ಕೂಡಿಕೊಂಡೇ ಬಿಟ್ಟವು. ಅಗಲ ಇರುವ ಕಡೆ ಹೆಚ್ಚು, ಮೊನೆ ಇರುವ ಕಡೆ ಕಡಿಮೆ. ಇಷ್ಟಾದ ಮೇಲೆ ಮೊದಲು ಹೇಳಿದ ಎಡ, ಬಲ, ನಡು ಓದು.

ಕ್ರಮದಲ್ಲಿ ಜೋಡಿಸುವುದನ್ನು ಮೂರೇ ಚೀಟಿಯಿಂದ ಶುರು ಮಾಡಿ. ನಾಲ್ಕು ಸಂಖ್ಯೆ ಒಟ್ಟಿಗೆ ಕೊಟ್ಟರೆ ಮಕ್ಕಳು ಅಕ್ಕಪಕ್ಕದ ಎರಡನ್ನು ಮಾತ್ರ ನೋಡಿ 12, 27, 19, 34 ಅಂತ ಇಟ್ಟುಬಿಡುತ್ತಾರೆ; 12–27 ಸರಿ, 19–34 ಸರಿ, ಒಟ್ಟು ತಪ್ಪು. ಎರಡು ಚೀಟಿ ಇಟ್ಟು ಮೂರನೆಯದನ್ನು ಕೈಗೆ ಕೊಟ್ಟು "ಎಡಕ್ಕೋ, ನಡುವಕ್ಕೋ, ಬಲಕ್ಕೋ?" ಅಂತ ಕೇಳುತ್ತಾ ಬೆಳೆಸುವುದು ಒಂದು ದಾರಿ. ಎಲ್ಲದರಲ್ಲಿ ಸಣ್ಣದನ್ನು ಆರಿಸಿ ಬೇರೆ ಇಟ್ಟು, ಉಳಿದವುಗಳಲ್ಲಿ ಮತ್ತೆ ಸಣ್ಣದನ್ನು ಹುಡುಕುವುದು ಇನ್ನೊಂದು. ಬರೆಯುವಾಗ ಎರಡನೆಯದೇ ವಾಸಿ, ಆರಿಸಿದ್ದಕ್ಕೆ ಗೀಟು ಹಾಕುತ್ತಾ ಹೋಗಬಹುದು. ಇಲ್ಲದಿದ್ದರೆ ಒಂದು ಸಂಖ್ಯೆ ಬಿಟ್ಟುಹೋಗುತ್ತದೆ, ಇಲ್ಲವೇ ಎರಡು ಸಲ ಬರುತ್ತದೆ.

ರಸ್ತೆಯಲ್ಲಿ ಸಿಗುವ ಕ್ರಮವೊಂದಿದೆ. ಬಳ್ಳಾರಿ ಗಾಡಿಗೆ ಕೆಎ 34, ಹೊಸಪೇಟೆಗೆ 35, ರಾಯಚೂರಿಗೆ 36, ಕೊಪ್ಪಳಕ್ಕೆ 37. ‘34 ಮತ್ತು 36ರ ನಡುವಿನ ಊರು ಯಾವುದು?’ ಅಂದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಉತ್ತರ ಹುಡುಕಬಹುದು. ಆದರೆ ಇದನ್ನು ಕ್ರಮಕ್ಕೆ ಮಾತ್ರ ಬಳಸಿ. 37 ಅಂದ ಮಾತ್ರಕ್ಕೆ ಕೊಪ್ಪಳ ಬಳ್ಳಾರಿಗಿಂತ ದೊಡ್ಡ ಊರಲ್ಲ ಅನ್ನುವುದನ್ನೂ ಅಲ್ಲೇ ಹೇಳಿ.

ಸಣ್ಣ ತರಗತಿಯ ಮಕ್ಕಳಿಗೆ ಓದು, ಬರಹ, ಲೆಕ್ಕ ಬರಲಿ ಅಂತ ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯ ಗುರಿಯಲ್ಲಿ ಒಂದನೇ ತರಗತಿಗೆ 99, ಎರಡಕ್ಕೆ 999, ಮೂರಕ್ಕೆ 9999ರವರೆಗಿನ ಸಂಖ್ಯೆಗಳನ್ನು ಓದಿ ಬರೆಯಬೇಕು ಅಂತಿದೆ. ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಮೂರೂ ತರಗತಿ ಒಟ್ಟಿಗೆ ಕೂರುವುದರಿಂದ ಮೇಲಿನ ಸಾಮಾನು ಮೂವರಿಗೂ ಬರುತ್ತದೆ. ಮೂರಂಕಿಯಲ್ಲಿ ಹೊಸದಾಗಿ ಬರುವ ತಪ್ಪು ಎರಡು. ಒಂದು, 98 ಮತ್ತು 123ರಲ್ಲಿ 9 ನೋಡಿ 98 ದೊಡ್ಡದು ಅನ್ನುವುದು. ‘ಎಡಗಡೆಯ ಅಂಕಿ ನೋಡು’ ಅಂತ ಎರಡಂಕಿಯಲ್ಲಿ ಹೇಳಿಕೊಟ್ಟ ಮಂತ್ರದ ಫಲ ಇದು. ಎಷ್ಟು ಅಂಕಿ ಇವೆ ಅಂತ ಮೊದಲು ಎಣಿಸಬೇಕು. ಹತ್ತು ಕಟ್ಟು ಸೇರಿಸಿ ಒಂದು ದೊಡ್ಡ ಹೊರೆ ಕಟ್ಟಿದವರಿಗೆ ಇದು ಹೇಳುವ ಮೊದಲೇ ಗೊತ್ತಿರುತ್ತದೆ.

ಎರಡು, ‘ನೂರಾ ಐದು’ ಅಂದರೆ 1005 ಬರೆಯುವುದು. ಕೇಳಿದ ಹಾಗೆ 100, ಅದರ ಪಕ್ಕ 5. ಇದಕ್ಕೆ ಒಂದರ ಮೇಲೊಂದು ಕೂರುವ ಪಟ್ಟಿಗಳು ಬೇಕು: ನೂರರವು 12 ಸೆಂ.ಮೀ. ಉದ್ದ, ಹತ್ತರವು 8, ಬಿಡಿಯವು 4. ಒಂಬತ್ತೊಂಬತ್ತರಂತೆ 27 ಪಟ್ಟಿ. ಪ್ರತಿ ಅಂಕಿ 4 ಸೆಂ.ಮೀ. ಜಾಗದಲ್ಲೇ ಕೂರಬೇಕು. 100ರ ಪಟ್ಟಿಯ ಬಲತುದಿಗೆ 5ರ ಪಟ್ಟಿ ಕೂರಿಸಿದರೆ ಕೊನೆಯ ಸೊನ್ನೆ ಮುಚ್ಚಿ 105 ಕಾಣುತ್ತದೆ. 305 ಮತ್ತು 350ನ್ನು ಇದೇ ಪಟ್ಟಿಗಳಲ್ಲಿ ಕಟ್ಟಿಸಿ ಬಿಚ್ಚಿಸಿದರೆ ಸೊನ್ನೆ ಯಾವ ಮನೆಯನ್ನು ಕಾಯುತ್ತಿದೆ ಅಂತ ಮಗುವೇ ಹೇಳುತ್ತದೆ.

ನಾಲ್ಕಂಕಿಗೆ ನಮ್ಮ ಕಡೆ ತುಂಗಭದ್ರೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಡ್ಯಾಮ್ ತುಂಬಿದರೆ 1633 ಅಡಿ. ಮಳೆಗಾಲದಲ್ಲಿ ಪೇಪರಿನಲ್ಲಿ ದಿನವೂ ಮಟ್ಟ ಬರುತ್ತದೆ. ದಶಾಂಶ ಚುಕ್ಕಿಯ ಬಲಗಡೆಯದನ್ನು ಬಿಟ್ಟು ಅಡಿ ಮಾತ್ರ ಹಲಗೆಯ ಮೇಲೆ ಬರೆಸಿ. 1629 ಮತ್ತು 1633 ಕೊಟ್ಟರೆ 39–41ರ ಹಳೆಯ ತಪ್ಪು ಇನ್ನೂ ಉಳಿದಿದ್ದರೆ ಇಲ್ಲಿ ಹೊರಬೀಳುತ್ತದೆ. ಸಾವಿರ ಸಮ, ನೂರು ಸಮ, ಹತ್ತರಲ್ಲಿ 2 ಮತ್ತು 3. ಅಲ್ಲೇ ತೀರ್ಮಾನ, 9ರ ಹತ್ತಿರ ಹೋಗುವ ಕೆಲಸವೇ ಇಲ್ಲ. ಒಂದು ವಾರದ ಮಟ್ಟಗಳನ್ನು ದಿನದ ಹೆಸರಿನ ಜೊತೆ ಏರಿಕೆ ಕ್ರಮದಲ್ಲಿ ಇಡಿಸಿದರೆ ಯಾವ ದಿನ ನೀರು ಎಲ್ಲಕ್ಕಿಂತ ಕಡಿಮೆ ಇತ್ತು ಅಂತಲೂ ತಿಳಿಯುತ್ತದೆ, ರೈತರ ಮನೆಯ ಮಕ್ಕಳಿಗೆ ಅದು ಬರೀ ಲೆಕ್ಕವಾಗಿ ಉಳಿಯುವುದಿಲ್ಲ.

ಕಲಿತಿದೆಯೋ ಇಲ್ಲವೋ ನೋಡಲು ಪುಟಗಟ್ಟಲೆ ಚಿಹ್ನೆ ಹಾಕಿಸಬೇಕಿಲ್ಲ. ಒಂದು ಮಗುವನ್ನು ಕರೆದು ಮೂರು ಕೆಲಸ ಕೊಡಿ: 58 ಮತ್ತು 61ರಲ್ಲಿ ಯಾವುದು ದೊಡ್ಡದು, ಕಡ್ಡಿಯಲ್ಲಿ ತೋರಿಸು; 40ಕ್ಕಿಂತ ದೊಡ್ಡದು, 50ಕ್ಕಿಂತ ಸಣ್ಣದು ಆದ ಒಂದು ಸಂಖ್ಯೆ ಹೇಳು; 9 < 14 ಇದನ್ನು ಓದು. ಮೊದಲನೆಯದರಲ್ಲಿ ಕೈ ಕಟ್ಟಿನ ಕಡೆಗೆ ಹೋಗುತ್ತದೋ ಬಿಡಿಯ ಕಡೆಗೋ, ಮೂರನೆಯದರಲ್ಲಿ ಬೆರಳು ಬಲಕ್ಕೆ ಹೋಗಿ ನಡುವಿಗೆ ಮರಳುತ್ತದೋ ಇಲ್ಲವೋ, ಅದನ್ನು ನೋಡಿ.